ಸಂಬಂಧ ಎಂಬ ಖಾನೆ

ನಮ್ಮ ದ್ವೀಪದಲ್ಲಿ ಸತ್ತವರೂ ಬಾಡಿಗೆದಾರರೇ.
ಇಪ್ಪತ್ತು ವರ್ಷ ನೆಲ ಬಿಟ್ಟಿ, ಆಮೇಲೆ
ಯಾರಾದರೂ ಕಟ್ಟಬೇಕು; ಕಟ್ಟದಿದ್ದರೆ
ನಾನು ಬಂದು ಕಲ್ಲು ಕೀಳುತ್ತೇನೆ. ಅದು ನನ್ನ ಕೆಲಸ.
ಹುಲ್ಲು ಕತ್ತರಿಸುವುದು, ಹಿಮ ತಳ್ಳುವುದು,
ಫೆಬ್ರವರಿಯಲ್ಲಿ ಯಾರಾದರೂ ಹೋದರೆ
ಕಲ್ಲಾದ ಮಣ್ಣಿಗೆ ಎರಡು ದಿನ ಕಾವು ಕೊಟ್ಟು ಅಗೆಯುವುದು.

ಈ ಸಲದ ಪಟ್ಟಿಯಲ್ಲಿ ನಲವತ್ತೊಂದನೆಯ ನಂಬರು: ಐಲರ್ಟ್.
ಬರೀ ಐಲರ್ಟ್. ಇಸವಿ ಇದೆ, ಒಂದು ದೋಣಿ ಕೆತ್ತಿದ್ದಾರೆ,
ಹೆಸರು ಮುಗಿದ ಮೇಲೆ ಕಲ್ಲು ಖಾಲಿ.
ಇಷ್ಟು ವರ್ಷ ಕಟ್ಟುತ್ತಿದ್ದವಳು ಯೂರುನ್ ಅತ್ತೆ,
ಕಾಫಿಡಬ್ಬಿಯಲ್ಲಿ ಚಿಲ್ಲರೆ ಕೂಡಿಸಿ.
ಕಳೆದ ಶರತ್ಕಾಲ ಅವಳಿಗೂ ಗುಳಿ ತೋಡಿದೆ.

ನನ್ನ ಬಾಗಿಲ ಮೇಲಿರುವುದು: ಸುನ್ನಿವಾ ಐಲರ್ಟ್‌ಸೆನ್.
ಸೆನ್ ಅಂದರೆ ಮಗ.
ಅರವತ್ತೆರಡು ದಾಟಿದೆ, ಇಬ್ಬರನ್ನು ಹೆತ್ತಿದ್ದೇನೆ,
ಆದರೂ ಹೆಸರು ಬಿಚ್ಚಿ ಓದಿದರೆ
ನಾನು ಐಲರ್ಟನ ಮಗ.
ಹಲ್ಲು ಕೀಳುವ ಡಾಕ್ಟರಮ್ಮನೂ ಐಲರ್ಟನ ಮಗ.
ಮೊನ್ನೆ ಹುಟ್ಟಿದ ಅವಳಿ ಹುಡುಗಿಯರು,
ಇನ್ನೂ ಕತ್ತು ನಿಲ್ಲದವರು, ಅವರೂ
ಇಬ್ಬರು ಗಂಡುಮಕ್ಕಳು.
ಒಬ್ಬ ಅಪ್ಪ, ಅರವತ್ತು ಮಗಂದಿರು,
ಬಾಡಿಗೆ ಕಟ್ಟಲು ಒಬ್ಬನಿಲ್ಲ.

ಹಿಂದೆ ಹೀಗಿರಲಿಲ್ಲವಂತೆ.
ಅಪ್ಪನ ಹೆಸರು ಒಂದು ತಲೆಮಾರು ನಡೆದು ಕೂತುಬಿಡುತ್ತಿತ್ತು.
ಮಗನಿಗೆ ಸೆನ್, ಮೊಮ್ಮಗನಿಗೆ ಬೇರೆ ಅಪ್ಪ, ಬೇರೆ ಸೆನ್.
ಹುಡುಗಿಯಾದರೆ ದತ್ತೆರ್, ಮಗಳು;
ಯಾರ ಮನೆ ಸೇರಿದರೂ ಸಾಯುವ ತನಕ
ತನ್ನಪ್ಪನ ಮಗಳು.
ಒಂದು ಅಲೆ ದಡ ಮುಟ್ಟಿ ಸರಿದರೆ ಇನ್ನೊಂದು.
ಆಮೇಲೆ ರಾಜಧಾನಿಯಲ್ಲಿ ಕಾಯಿದೆ ಬಂತು:
ಮನೆಗೊಂದು ಹೆಸರು, ತಲೆತಲಾಂತರಕ್ಕೂ ಅದೇ.
ಅಜ್ಜ ಪೇದರ್ ಬಲೆ ಹೆಣೆಯುತ್ತ ಕೂತಿದ್ದನಂತೆ.
ತಲೆಯೆತ್ತದೆ ಅಂದನಂತೆ,
"ನಮ್ಮಪ್ಪನದೇ ಇರಲಿ. ಹೊಸದು ಹುಡುಕಲು ಹೊತ್ತೆಲ್ಲಿದೆ,
ಮೀನು ಬಂದಿದೆ."
ನಿಂತೇಬಿಟ್ಟಿತು ಅಲೆ,
ಎದ್ದ ಎತ್ತರದಲ್ಲೇ ಹೆಪ್ಪುಗಟ್ಟಿ.

ಆದರೆ ಐಲರ್ಟ್? ಅವನು ಯಾರ ಮಗ?

ಚರ್ಚಿನ ಹಳೆಯ ದಫ್ತರ ತೆಗೆಸಿದೆ.
ಪಾದ್ರಿಯ ಅಕ್ಷರ ಇರುವೆಸಾಲು.
ಮಗು: ಐಲರ್ಟ್.
ತಾಯಿ: ಸಿಗ್ರಿ, ಮೀನೆಣ್ಣೆ ಕಾಯಿಸುವ ಕೊಟ್ಟಿಗೆಯ ಕೂಲಿಯವಳು.
ತಂದೆ:
ಅಲ್ಲಿ ಒಂದು ಗೆರೆ.
ಮಸಿ ತುಸು ಹೆಚ್ಚೇ ಬಿದ್ದಿದೆ,
ಕೇಳಿ ಕೇಳಿ ಸಾಕಾಗಿ ಎಳೆದ ಹಾಗೆ.
ಅವಳು ಬಾಯಿ ಬಿಟ್ಟಿಲ್ಲ.

ಊರು ಅವನನ್ನು ಸಿಗ್ರಿಯ ಐಲರ್ಟ್ ಅಂದಿತು, ಹಂಗಿಸಿಯೇ ಅಂದಿತು.
ಕಲ್ಲು ಕೆತ್ತುವಾಗ ಮರ್ಯಾದೆಗೆಂದು
ಅದನ್ನೂ ಕೈಬಿಟ್ಟಿತು.
ಕಪ್ತಾನ, ಡಾಕ್ಟರಮ್ಮ, ಅವಳಿಗಳು, ನಾನು,
ನಾವಷ್ಟೂ ಜನ ಜೋತುಬಿದ್ದಿರುವುದು ಆ ಗೆರೆಗೆ,
ಮಾರ್ಚಿ ಗಾಳಿಗೆ ಗಳದ ಮೇಲೆ ಒಣಹಾಕಿದ ಮೀನಿನಂತೆ,
ಬಾಲಕ್ಕೆ ಹುರಿ ಬಿಗಿದು.

ಅರ್ಜಿ ನಾನೇ ತುಂಬಿದೆ.
ನಂಬರು ನಲವತ್ತೊಂದು, ಮುಂದಿನ ಹತ್ತು ವರ್ಷ.
ಮೃತರೊಂದಿಗೆ ಸಂಬಂಧ ಎಂಬಲ್ಲಿ
ಮಗ, ಎಂದು ಬರೆದೆ.
ಕಚೇರಿಯಿಂದ ಹುಡುಗ ಫೋನು ಮಾಡಿದ:
ಏನೋ ತಪ್ಪಾಗಿದೆ, ಮರಿಮಗಳು ಅಂತ ಇರಬೇಕಲ್ಲವೇ?
ನನ್ನ ಹೆಸರು ಓದಪ್ಪ, ಅಂದೆ, ಬಿಡಿಸಿ ಓದು.
ಅವನೂ ಯಾವನೋ ಮಾಥಿಯಾಸನ ಸೆನ್.
ಸ್ವಲ್ಪ ಹೊತ್ತು ಆ ಕಡೆ ಉಸಿರಿಲ್ಲ.

ಕಲ್ಲಿನ ಖಾಲಿ ಜಾಗದ ವಿಚಾರ ಇನ್ನೂ ಇದೆ.
ಗೇಣು ಹಾಕಿ ಅಳೆದು ನೋಡಿದೆ:
ಸಿಗ್ರಿಯ ಮಗ, ಅಷ್ಟು ಹಿಡಿಯುತ್ತದೆ.
ಉಳಿ ಶೆಡ್ಡಿನಲ್ಲಿದೆ. ಪಾದ್ರಿಯನ್ನು ಕೇಳಬೇಕು.
ಕೇಳದೆಯೂ ಇರಬಹುದು.
ಈಗ ಹಿಮ ಬೀಳುತ್ತಿದೆ, ಗೇಟಿನಿಂದ ದಾರಿ ತೆಗೆಯಬೇಕು.
ನಾಳೆ ಹನ್ನೊಂದಕ್ಕೆ ಯಾರೋ ಬರುವವರಿದ್ದಾರೆ.