ಒಂಬತ್ತು ವ್ಯಾಟು

ರಾಯ್ಕರರ ಅಂಗಡಿಯ ಕಟ್ಟೆಯ ಮೇಲೊಂದು ಹೋಲ್ಡರು.
ಯಾವ ಬಲ್ಬು ಕೇಳಿದರೂ ಮೊದಲು ಅದರಲ್ಲಿ ಒತ್ತಿ ತಿರುಪಿ
ಉರಿಸಿ ತೋರಿಸಿ, ಆಮೇಲೆಯೇ ಡಬ್ಬಿಗೆ.
ಮೀನಿನ ಕಿವಿರು ಎತ್ತಿ ತೋರಿಸಿದ ಹಾಗೆ.
ಸರಿ, ಅಂದುಕೊಂಡೆ. ಇದು ನನಗೆ ಗೊತ್ತಿರುವ ವ್ಯಾಪಾರ.

‘ಬಿಳಿಯೋ ಹಳದಿಯೋ, ಬಾಯಿ?’
ಬಿಳಿಯ ಕೆಳಗೆ ನಿನ್ನೆಯ ಬಾಂಗಡೆಯೂ ಈಗ ತಾನೇ ಹಿಡಿದಂತೆ ಮಿರುಗುತ್ತದೆ,
ಪೇಟೆಯಲ್ಲಿ ಕೂತು ಮಾರುವವಳು ನಾನು, ಬಲ್ಲೆ.
ಆದರೆ ಬಲೆಯಲ್ಲಿ ಹರಿದ ಕಣ್ಣು ಕಾಣುವುದೂ ಅದರಲ್ಲೇ.
ಜಗಲಿಗೆ ಬಿಳಿ, ಅಂದೆ. ಒಳಗೆ ಹಳದಿ ಇರಲಿ,
ಅತ್ತೆಯ ಪೊರೆ ಬಂದ ಕಣ್ಣಿಗೆ.

‘ಹಳೆಯದು ಅರವತ್ತು ಉಣ್ಣುತ್ತಿತ್ತು, ಇದು ಒಂಬತ್ತು.
ಬೆಳಕು ಅಷ್ಟೇ, ಕೆಲಸ ಅಷ್ಟೇ.’
ನಮ್ಮ ಮನೆಯಲ್ಲಿ ಹಾಗೆ ಉಣ್ಣುವವಳು
ಈವರೆಗೆ ನಾನೊಬ್ಬಳೇ ಇದ್ದೆ.

ಬಲ್ಬಿನ ಕುತ್ತಿಗೆಯ ಮೇಲೆ ಪೆನ್ನಿನಿಂದ ತಾರೀಖು ಬರೆದರು,
ಎರಡು ವರ್ಷದ ಗ್ಯಾರಂಟಿ. ಎರಡಕ್ಕೆ ನೂರಾ ಎಂಬತ್ತು.
ನೋಟು ಎಣಿಸುವಾಗ ಒಣಗಿದ ಹುರುಪೆಯೊಂದು
ಉಗುರಿಗೆ ತಾಗಿತು.
ಮೈದುನ ಉಲ್ಲಾಸ ಕೊಟ್ಟ ದುಡ್ಡು.

ಉಲ್ಲಾಸ ಈಗ ರಂಪಣಿ ಎಳೆಯುವುದಿಲ್ಲ.
ಬೈತಖೋಲದಿಂದ ಕತ್ತಲಾದ ಮೇಲೆ ಹೊರಡುವ ಬೋಟಿನಲ್ಲಿ
ಜನರೇಟರು ನೋಡಿಕೊಳ್ಳುತ್ತಾನೆ.
ಸರಕಾರ ಬೇಡವೆಂದ ದೀಪಗಳು
ಬಂದರು ದಾಟುವವರೆಗೆ ತಾಡಪತ್ರಿಯ ಕೆಳಗೆ ಮಲಗಿರುತ್ತವಂತೆ.
‘ನೀವು ತರಬೇಕೆನ್ನುವ ಬಲ್ಬಿನ ಜಾತಿಯೇ, ಅತ್ತಿಗೆ,
ಅದರ ದೊಡ್ಡಣ್ಣ ಅಷ್ಟೇ. ಡೀಸೆಲ್ ಕಮ್ಮಿ ಕುಡಿಯುತ್ತದೆ,
ಹತ್ತು ಮಾರು ಆಳದವರೆಗೆ ಸಮುದ್ರ ಬೆಳ್ಳಗೆ.
ತಾವಾಗಿಯೇ ಬರುತ್ತವೆ, ಹುಡುಕುವುದೇ ಬೇಡ.’
ಮರಿಗಳೂ ಬರುತ್ತವೆಯೇ, ಕೇಳಿದ್ದೆ.
ಅವನು ಅನ್ನಕ್ಕೆ ಸಾರು ಕಲಸಿಕೊಂಡ.

ಅವನ ಅಣ್ಣ ರೋಹಿದಾಸ ಮಾತ್ರ
ಅಲಿಗದ್ದೆಯ ಮರಳಲ್ಲಿ ಇನ್ನೂ ಹಗ್ಗ ಹಿಡಿಯುತ್ತಾನೆ.
ಮೊನ್ನೆ ಮೂವತ್ತು ಜನ ಎಳೆದ ಬಲೆಯಲ್ಲಿ
ಮೂರು ಬುಟ್ಟಿ ತಾರ್ಲೆ, ಒಂದು ಚಪ್ಪಲಿ.
ಪಾಲು ಹಂಚುವಾಗ ಯಾರೂ ಜಗಳವಾಡಲಿಲ್ಲ.
ಜಗಳಕ್ಕೂ ಇಷ್ಟು ಮೀನು ಬೇಕು.

ಹಳೆಯ ಬಲ್ಬು ಬಿಚ್ಚುವಾಗ ಕೈ ಸುಟ್ಟಿತು.
ಅದರಡಿಯಲ್ಲಿ ಬುಟ್ಟಿ ಇಟ್ಟು ಎಷ್ಟು ಕೋಳಿಮರಿ ಸಾಕಿದ್ದೆವು,
ಆಷಾಢದಲ್ಲಿ ಮಯೂರಿಯ ಶಾಲೆಯ ಕಾಲುಚೀಲ ಒಣಗಿದ್ದೂ ಅಲ್ಲೇ.
ಹೊಸದನ್ನು ಹಚ್ಚಿದೆ. ಅತ್ತೆ ಅಂಗೈ ಚಾಚಿ ಕೂತರು,
ಒಲೆಯ ಮುಂದೆ ಕೂತ ಹಾಗೆ.
‘ಇದು ಉರಿಯುತ್ತಿದೆಯೋ, ಸುಮ್ಮನೆ ನೋಡುತ್ತಿದೆಯೋ?’

ಮೇ ಕೊನೆಗೆ ಮೊದಲ ಮಳೆ ಹನಿಯಿತು,
ಜಗಲಿಯ ಬಿಳಿ ಬಲ್ಬಿಗೆ ರೆಕ್ಕೆಹುಳು ಮುತ್ತಿದವು.
ಅಜ್ಜಿ ಕಲಿಸಿದ ಹಾಗೆ ಮಯೂರಿ
ಅಗಲ ಪಾತ್ರೆಯಲ್ಲಿ ನೀರು ತುಂಬಿ ಕೆಳಗಿಟ್ಟಳು.
ನೀರಲ್ಲೊಂದು ಬಲ್ಬು ಮೂಡಿತು.
ಹುಳುಗಳು ಅದನ್ನೇ ನಂಬಿದವು,
ಒಂದರ ಮೇಲೊಂದು, ದೊಡ್ಡವು, ಸಣ್ಣವು,
ಇನ್ನೂ ರೆಕ್ಕೆ ನೆಟ್ಟಗಾಗದವು.
‘ತಾವಾಗಿಯೇ ಬರ್ತಾವೆ ಅಮ್ಮ, ನೋಡು!’

ರೋಹಿದಾಸನ ಕೈಯಲ್ಲಿ ಬಲೆಯ ಸೂಜಿ ನಿಂತಿತು.
ಪಾತ್ರೆಯನ್ನೇ ನೋಡಿದ, ಬಹಳ ಹೊತ್ತು.
ಒಂದು ಮಾತೂ ಆಡಲಿಲ್ಲ.
ನಾನೇ ಎದ್ದು ಸ್ವಿಚ್ಚು ಒತ್ತಿದೆ.

ಕತ್ತಲು ಕಣ್ಣಿಗೆ ಹೊಂದುವವರೆಗೆ ಬರೀ ಅಲೆಯ ಸದ್ದು.
ಆಮೇಲೆ ದೇವಗಡದ ದೀಪಸ್ತಂಭ ಕಂಡಿತು,
ಇಲ್ಲಿ ಕಲ್ಲಿದೆ, ದೂರ ಹೋಗು, ಇಲ್ಲಿ ಕಲ್ಲಿದೆ,
ಹಳೆಯ ಕಾಲದ ಮುದುಕನ ಹಾಗೆ ಅದೊಂದೇ ಮಾತು.
ಅದರಾಚೆ ನೀರಿನ ಗೆರೆಯ ಮೇಲೆ
ಬೆಳ್ಳಗೆ, ಸಂಜೆ ಇರದ ಊರೊಂದು ಎದ್ದು ನಿಂತಿತ್ತು.
ಅಲ್ಲಿ ಎಲ್ಲೋ ಉಲ್ಲಾಸ.

ಒಳಗಿನಿಂದ ಅತ್ತೆ ಕೂಗಿದರು:
‘ಜಗಲಿಯದು ಯಾಕೆ ಆರಿಸಿದೆ?
ಅದಕ್ಕೆ ಖರ್ಚೇ ಇಲ್ಲ ಅಂದಿದ್ದೆಯಲ್ಲ?’