ಕಾಲು ಸುತ್ತು

ಡಾಕ್ಟರು ನಡೆಯಿರಿ ಅಂದರು, ದಿನಕ್ಕೆ ನಲವತ್ತು ನಿಮಿಷ.
ಅರಣ್ಯ ಇಲಾಖೆ ನಡೆಯಬೇಡಿ ಅಂದಿತು,
ಬೆಳಿಗ್ಗೆ ಆರೂ ಹತ್ತಕ್ಕೆ, ಮೊಬೈಲಿನಲ್ಲಿ:
ಅಮ್ಮತ್ತಿ ರಸ್ತೆಯಲ್ಲಿ ನಾಲ್ಕು ಆನೆ, ಜೊತೆಗೊಂದು ಮರಿ.
ಎರಡೂ ಸರಿಯಾದ ಮಾತೇ.
ಹಾಗಾಗಿ ಮೂರನೆಯದೊಂದು ಬಂತು,
ಪಿಕಪ್ಪಿನಲ್ಲಿ, ಎಂಬತ್ತಾರು ಕಿಲೋ.
ಪೆಟ್ಟಿಗೆಯ ಮೇಲೆ ಬಾಣದ ಗುರುತು, ಮೇಲ್ಮುಖವಾಗಿ;
ಇಳಿಸಿದವರು ಬಾಣವನ್ನು ನೆಲಕ್ಕೆ ತೋರಿಸಿ ಹೋದರು.

ಸಿದ್ದಾಪುರದಿಂದ ಹಂಝ ಬಂದ.
ಏಳನೇ ಕ್ಲಾಸಿನಲ್ಲಿ ನಾನು ಸೀಟಿ ಊದಿದರೆ
ಹೊಟ್ಟೆನೋವು ಎಂದು ಮರದಡಿ ಕೂರುತ್ತಿದ್ದ ಹುಡುಗ.
ಈಗ ಎಲೆಕ್ಟ್ರಿಷಿಯನ್, ಗಡ್ಡ ನರೆತಿದೆ.
"ಟೀಚರೇ, ಮೊದಲು ಬೋಲ್ಟ್ ಎಣಿಸಿ."
ಸ್ಟೀಲ್ ತಟ್ಟೆಗೆ ಸುರಿದು ಎಣಿಸಿದೆ:
ಉದ್ದದ್ದು ಎಂಟು, ಗಿಡ್ಡ ನಾಲ್ಕು, ವಾಷರ್ ಹನ್ನೊಂದು.
ಹನ್ನೆರಡನೆಯದು ನಾಯಿಯ ಗೋಣಿಯಲ್ಲಿ ಸಿಕ್ಕಿತು.

ಕಂಬದೊಳಗಿನ ತಂತಿ ಸಿಕ್ಕಿ ಜಜ್ಜಿಹೋಗದಂತೆ
ನಾನು ಎಳೆದು ಹಿಡಿದೆ, ಅವನು ಕೂರಿಸಿದ.
ಎಲ್ಲವನ್ನೂ ಬೆರಳಲ್ಲೇ ತಿರುಗಿಸಿ ಬಿಡಬೇಕಂತೆ;
ಕೊನೆಯದಕ್ಕೂ ಅದರ ತೂತು ಸಿಕ್ಕ ಮೇಲೆ ಬಿಗಿ.
ಒಂದನ್ನೇ ಮೊದಲು ಬಿಗಿದರೆ ಉಳಿದದ್ದು ಕೂರುವುದಿಲ್ಲ.
ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.
ಮೂವತ್ತು ವರ್ಷ ಹಾಕಿ ತಂಡ ಕಟ್ಟಿದವಳು ನಾನು,
ಮೊದಲು ಸೆಂಟರ್ ಫಾರ್ವರ್ಡನ್ನು ಬಿಗಿದವಳು.

"ಹಿಂದೆ ಒಂದು ಆಳುದ್ದ ಖಾಲಿ ಬಿಡಿ."
ಯಾಕೆ?
"ಬೀಳೋಕೆ."
ಮೆಣಸಿನ ಮೂಟೆಗಳು ಊಟದ ಕೋಣೆಗೆ ಹೋದವು.

ಪ್ಲಗ್ ಮಾತ್ರ ಅವತ್ತು ಹಾಕಲಿಲ್ಲ.
"ಮೂರನೇ ಪಿನ್ನಿಗೆ ನಿಮ್ಮ ಮನೆಯಲ್ಲಿ ಭೂಮಿಯೇ ಇಲ್ಲ."
ಏಳು ಎಕರೆ ಇದೆಯಲ್ಲೋ ಅಂದೆ. ನಗಲಿಲ್ಲ.
ಮರುದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೋಡಿ
ತಾಮ್ರದ ಸರಳು, ಇದ್ದಿಲು, ಉಪ್ಪು.
ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ ಅಂದ,
ಗಿಡ ನೆಟ್ಟವನಂತೆ.

ನಮ್ಮ ಸೀರೆಗೆ ನೆರಿಗೆ ಬೆನ್ನ ಹಿಂದೆ;
ಬೆಲ್ಟು ಓಡುವುದೂ ಹಿಂದಕ್ಕೇ.
ಅವೆರಡು ಭೇಟಿಯಾಗುವುದು ಬೇಡವೆಂದು
ಟ್ರಂಕಿನಿಂದ ಟ್ರ್ಯಾಕ್ ಸೂಟ್ ತೆಗೆದೆ.
ಮಡಿಕೇರಿಯ ಜಿಲ್ಲಾ ಕ್ರೀಡಾಕೂಟ; ಇಸವಿ ಅಳಿಸಿಹೋಗಿದೆ.
ಎರಡೂ ಪಾದ ಅಂಚಿನ ಹಲಗೆಗಳ ಮೇಲೆ,
ಕೆಂಪು ದಾರದ ಕ್ಲಿಪ್ ಸೊಂಟಕ್ಕೆ, ಇನ್ನೊಂದು ತುದಿ ಕೀಲಿಗೆ.
ಒಂದರ ವೇಗ. ಯಾರೋ ಚಾಪೆ ಎಳೆದಂತಾಯಿತು.
"ಕಾಲು ನೋಡಬೇಡಿ, ಮುಂದೆ ನೋಡಿ!"
ಅದು ನನ್ನದೇ ಮಾತು. ಕದ್ದಿದ್ದಾನೆ.

ಬೆಲ್ಟು ಎಡಕ್ಕೆ ಸರಿದಾಗ
ಎಡದ ತಿರುಪಿಗೆ ಕಾಲು ಸುತ್ತು, ಅಷ್ಟೇ.
ಹೆಚ್ಚು ತಿರುಗಿಸಿದರೆ ಬಲಕ್ಕೆ ಓಡುತ್ತದೆ.
ಕಾಲು ಸುತ್ತಿ, ಸ್ವಲ್ಪ ಕಾಯಿರಿ ಅಂದ.
ಮಂಡಿ ನೋವಿನವಳಿಗೆ ಎರಡು ಅರ್ಥವೂ ಹಿಡಿಸಿತು.

ಮೂರನೆಯ ವಾರ ಕ್ಲಿಪ್ ಹಾಕಲಿಲ್ಲ.
ಕಾರಣ ಏನಿಲ್ಲ, ಹಾಕಲಿಲ್ಲ.
ಕಿಟಕಿಯಾಚೆ ಹಲಸಿನ ಮರ ಅಲ್ಲಾಡಿತು;
ಬೂದು ಬೆನ್ನೊಂದು ಕಂಡದ್ದೇ ಪೂರ್ತಿ ತಿರುಗಿದೆ.
ಹಂಝ ಖಾಲಿ ಬಿಡಿಸಿದ ಜಾಗದಲ್ಲಿ ಕೂತಿದ್ದೆ,
ಮಂಡಿ ತರಚಿ, ಬಾಯಿ ತೆರೆದು.
ಎದುರಿಗೆ ಅದು ನಾಲ್ಕರ ವೇಗದಲ್ಲಿ
ನನ್ನನ್ನು ಬಿಟ್ಟು ನಡೆಯುತ್ತಲೇ ಇತ್ತು,
ಕರೆಂಟು ಹೋಗುವ ತನಕ.
ಆ ಮೌನದಲ್ಲಿ ಹೊರಗೆ ಹಣ್ಣು ಸೀಳುವ ಸದ್ದು, ನಿಧಾನ.
ಅದಕ್ಕೆ ಅವಸರವೇ ಇರಲಿಲ್ಲ.

ಈಗ ಕೀಲಿ ನನ್ನ ಹಳೆಯ ಸೀಟಿಯ ದಾರದಲ್ಲಿದೆ.
ಶನಿವಾರ ಪಕ್ಕದ ಮನೆಯ ಐದು ವರ್ಷದ ದೇಚು ಬಂದರೆ
ಅಕ್ಕಿ ಡಬ್ಬದೊಳಗೆ, ಅಕ್ಕಿಯ ಅಡಿಗೆ.
ಸೀಟಿ ಮಾತ್ರ ಕೊಡುತ್ತೇನೆ. ಊದುತ್ತಾಳೆ. ನಾಯಿ ಓಡುತ್ತದೆ.

ಇವತ್ತು ಸಂದೇಶ: ಆನೆಗಳು ಹೊಳೆ ದಾಟಿವೆ, ರಸ್ತೆ ಖಾಲಿ.
ಮೋರಿಯ ತನಕ ಹೋದೆ.
ಇಳಿಜಾರಿನಲ್ಲಿ ಕಾಲು ತಾನಾಗಿ ಜೋರಾದಾಗ
ಕೈ ಸೊಂಟದ ಬಳಿ ಕೆಂಪು ದಾರ ಹುಡುಕಿತು.
ಎದುರಿಗೆ ಹಂಝನ ಸ್ಕೂಟರ್.
"ಟೀಚರೇ, ಬೆಲ್ಟಿನಡಿಗೆ ಎಣ್ಣೆ ಬಿಟ್ಟಿರಾ?"
ಇನ್ನೂ ಇಲ್ಲವೋ ಅಂದೆ, ಹೊಟ್ಟೆನೋವು.