ಕರಟದ ಲೆಕ್ಕ

ತದಡಿಗೆ ದಾಟುವ ತಾರಿಗೆ ಆಗ ಎಂಟಾಣೆ.
ಎಂಟಾಣೆಗೆ ನಮ್ಮ ಮನೆಯಲ್ಲಿ ಬೇರೆ ಹೆಸರುಗಳಿದ್ದವು:
ಚಿಮಣಿಬುಡ್ಡಿಯ ಎಣ್ಣೆ, ತಮ್ಮನ ಕೆಮ್ಮಿನ ಗುಳಿಗೆ,
ಸಿದ್ದೆಯ ತಳಕ್ಕಷ್ಟೇ ಮುಟ್ಟುವ ಅಕ್ಕಿ.
ಇಳಿತದ ಹೊತ್ತಿಗೆ ಅವ್ವಿ
ಸೊಂಟದುದ್ದ ಅಘನಾಶಿನಿಗಿಳಿದು
ಹೆಬ್ಬೆರಳಲ್ಲೇ ಬಳಚು ಹುಡುಕುತ್ತಿದ್ದಳು,
ಕಣ್ಣಿಗೆ ಕಾಣದ್ದು ಕಾಲಿಗೆ ಕಾಣುತ್ತಿತ್ತು.
ಅವಳ ಹಿಮ್ಮಡಿಯ ತುಂಬ ಚಿಪ್ಪು ಕೊಯ್ದ ಗೆರೆ.
ನನ್ನ ಪಾಟಿಯಲ್ಲೂ ಅಷ್ಟು ಬರೆದಿರಲಿಲ್ಲ.

ಹೊಸಬಯ್ಯ ಅಂಬಿಗ ಕಾಸು ಕೇಳಲಿಲ್ಲ.
ಕಾಲ ಬುಡಕ್ಕೊಂದು ಕರಟ ಎಸೆದು,
"ದೋಣಿಗೆ ನೀರು ಬಂದದೆ, ಕಾಣು.
ಚೆಲ್ತಾ ಕೂತ್ಕೊ.
ಆಚೆ ದಡ ಮುಟ್ಟುದ್ರೊಳಗೆ ಅಡಿಹಲಗೆ ಕಂಡ್ರೆ
ನಿನ್ನ ಲೆಕ್ಕ ಚುಕ್ತಾ" ಎಂದ.

ಮೂರು ವರ್ಷ ಚೆಲ್ಲಿದೆ.
ಕೊಡೆ ಹಿಡಿದು ಕೂತ ಅಂಗಡಿ ಪೈಗಳ ಮಗ
ಕಾಲು ಮೇಲೆತ್ತಿಕೊಂಡು ನಗುತ್ತಿದ್ದ.
ನಗಲಿ. ಅವನು ಬರೀ ಪ್ರಯಾಣಿಕ,
ನಾನು ದೋಣಿಯವಳು.
ನಾನೊಬ್ಬಳು ಒಂದು ದಿನ ತಪ್ಪಿಸಿದರೆ
ಹೈಸ್ಕೂಲಿಗೆ ಹೈಸ್ಕೂಲೇ ಮುಳುಗೀತು
ಎಂದು ಜ್ವರದಲ್ಲೂ ಹೋದೆ.

ಹೊಸಬಯ್ಯ ಹೋದ ಹನ್ನೆರಡನೇ ದಿನ
ಚಾ ಕೊಡುತ್ತಾ ಅವನ ಹೆಂಡತಿ ಮಾಸ್ತಮ್ಮ ಹೇಳಿದಳು:
"ಆ ದೋಣಿ ಎಲ್ಲಿ ಸೋರ್ತಿತ್ತು ಮಗಾ?
ವರ್ಷಾ ವರ್ಷಾ ಗೇರೆಣ್ಣೆ ಕುಡಿಸ್ತಿದ್ರು ಅದಕ್ಕೆ.
ನೀ ಬರುದ್ರೊಳಗೆ ಎರಡು ಕೊಡ ನೀರು
ಇವರೇ ಸುರುವಿಡ್ತಿದ್ರು."

ಮೊದಲು ಬಂದದ್ದು ಸಿಟ್ಟು.
ನಾನು ಕಾಪಾಡಿದ ದೋಣಿಯನ್ನು
ಯಾರೋ ನನ್ನಿಂದ ಕಸಿದುಕೊಂಡ ಹಾಗೆ.
ಚಾ ಆರಿತು, ಕೆನೆ ಕಟ್ಟಿತು.
ಅಳು ಬಂದದ್ದು ತಿಂಗಳು ಕಳೆದ ಮೇಲೆ,
ಬಸ್ಸಿನಲ್ಲಿ, ಏನೂ ಸಂಬಂಧವಿಲ್ಲದ ಕಡೆ,
ಮಿರ್ಜಾನದ ತಿರುವಿನಲ್ಲಿ.

ಈಗ ಪಂಚಾಯ್ತಿಯಲ್ಲಿ ನನಗೊಂದು ಕುರ್ಚಿಯಿದೆ,
ಒಂದು ಕಾಲಿಗೆ ಹಳೇ ಮತದಾರರ ಪಟ್ಟಿ ಮಡಚಿಟ್ಟದ್ದು.
ಶುಕ್ರವಾರ ಪಾಸ್ಕಲೀನಬಾಯಿ ಬರುತ್ತಾಳೆ,
ನಿಂತುಹೋದ ಪಿಂಚಣಿಗೆ ಕೈಮುಗಿಯುತ್ತಾ.
ಮುಗಿದ ಕೈ ನೋಡಲು ನನಗಾಗುವುದಿಲ್ಲ.
"ಬಾಯಿ, ಫ್ಯಾನಿಗೆ ಕಾಗದ ಹಾರ್ತದೆ,
ಸ್ವಲ್ಪ ಒತ್ತಿ ಹಿಡ್ಕೊಳ್ಳಿ" ಎನ್ನುತ್ತೇನೆ.
ಕರೆಂಟು ಹೋಗಿ ಒಂದು ತಾಸಾಗಿದೆ.
ಅವಳು ತಲೆಯೆತ್ತಿ ಮೇಲೆ ನೋಡುತ್ತಾಳೆ,
ನನ್ನ ನೋಡುತ್ತಾಳೆ,
ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾಳೆ.

ಆದರೆ ಎಷ್ಟು ದಿನ, ಹೊಸಬಯ್ಯ,
ಒಬ್ಬೊಬ್ಬರಿಗೂ ಎರಡೆರಡು ಕೊಡ ಹೊರುವುದು?
ನೀನಿಲ್ಲದ ಕಡವಿನಲ್ಲಿ
ದಡದಲ್ಲೇ ಉಳಿದವರೆಷ್ಟು ಮಂದಿ?
ನನ್ನ ತರಗತಿಯ ಬೀರು ಉಳಿದಳು.
ನನಗಿಂತ ಗಣಿತ ಚೆನ್ನಾಗಿತ್ತು ಅವಳಿಗೆ.

ತಾರಿಯ ಹರಾಜಿನ ಕರಾರಿಗೆ
ಒಂದು ಸಾಲು ಸೇರಿಸಿ ಎಂದೆ:
ಶಾಲೆಯ ಮಕ್ಕಳಿಗೆ ಕೇವು ಇಲ್ಲ.
"ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲ" ಎಂದರು ವಿಠೋಬ ಗುನಗಿ.
ಅವರದ್ದೂ ಸುಳ್ಳಲ್ಲ, ಬಡವರಾಗಿಯೇ ಬೆಳೆದವರು,
ಕೊಟ್ಟು ಕೊಟ್ಟು ಮೇಲೆ ಬಂದವರು.
ಭಾಷಣ ಬರೆದುಕೊಂಡು ಹೋಗಿದ್ದೆ.
ಬಾಯಿಂದ ಬಿದ್ದದ್ದು ಒಂದೇ ಮಾತು:
"ಎಂಟಾಣೆ."
ಸಭೆ ಕಾಯಿತು. ಮುಂದೆ ಬರಲಿಲ್ಲ.
ಆರಕ್ಕೆ ಏಳು ಕೈ.
ಏಳನೆಯದು ವಿಠೋಬರದು,
ಅರ್ಧವೇ ಎತ್ತಿದ್ದು, ಗುಮಾಸ್ತ ಪೂರ್ತಿ ಬರೆದುಕೊಂಡ.

ಜೂನ್ ಮೊದಲ ಸೋಮವಾರ
ಮಕ್ಕಳು ಗದ್ದಲವಾಗಿ ಹತ್ತಿದರು.
ಒಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದವಳು
ಹಲಗೆಯ ಮೇಲೆ ಕೂತಳು, ಚೀಲ ಅಪ್ಪಿಕೊಂಡಳು,
ಎಂಜಿನ್ನು ಗುಡುಗುವ ಮೊದಲೇ ನಿದ್ದೆಹೋದಳು,
ಬಾಯಿ ತೆರೆದು,
ಯಾರಿಗೂ ಏನೂ ಚೆಲ್ಲಿಕೊಡಬೇಕಿಲ್ಲದ ನಿದ್ದೆ.
ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.
ಗೊತ್ತಾಗಬಾರದು.

ಹತ್ತು ರೂಪಾಯಿ ಕೊಟ್ಟು ಟಿಕೀಟು ಹರಿಸಿಕೊಂಡೆ.
ಅಡಿಹಲಗೆ ಒಣಗಿತ್ತು.
ಕೈ ಮಾತ್ರ, ಹಳೇ ರೂಢಿ,
ಕಾಲ ಬುಡದಲ್ಲಿ ಕರಟ ತಡಕಿತು.